ಉಗುರುಬೆಚ್ಚಗಿನ ಡೆಸ್ಮಂಡ್

ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸ್ ಊರಿನ ಆ ಏರುಬೀದಿಯಲ್ಲಿ ಡೆಸ್ಮಂಡ್ ಕ್ರೌದರ್‌ನನ್ನು ಅರಿಯದವರಿಲ್ಲ. ಬಸ್ಸಿನ ಇನ್‌ಸ್ಪೆಕ್ಟರಾಗಿದ್ದು ನಿವೃತ್ತನಾದವನು. ಇಲಾಖೆ ಅವನನ್ನು ಬಿಟ್ಟಿತ್ತೇ ಹೊರತು ಅವನು ಇಲಾಖೆಯನ್ನು ಬಿಟ್ಟಿರಲಿಲ್ಲ. ಬಸ್ಸು ತಡವಾಗಿ ಬಂದರೆ ಈಗಲೂ ಡ್ರೈವರನ ಮುಖ ನೋಡಿ ತನ್ನ ಗಡಿಯಾರವನ್ನು ಬೆರಳಿನಿಂದ ತಟ್ಟುವನು. ಡ್ರೈವರುಗಳೆಲ್ಲ ಹೊಸ ಹುಡುಗರು, ಯಾರೋ ಮುದುಕ ಟೈಮ್ ಕೇಳುತ್ತಿದ್ದಾನೆಂದು ತಿಳಿದು ಹೇಳಿಬಿಡುವರು. ಪಾಪ, ಅಧಿಕಾರ ಮಾಡಿ ರೂಢಿಯಾದ ಕೈಗೆ ಏನಾದರೊಂದು ಬೇಕಲ್ಲ! ಅಷ್ಟರಲ್ಲಿ ಮನೆ ಬೆಚ್ಚಗಿಡುವ ಹಳೆಯ ಗ್ಯಾಸ್ ಬಾಯ್ಲರ್ ಕೈಕೊಟ್ಟಿತು, ಹೊಸದು ಬಂತು.

ಹೊಗೆಯಲ್ಲಿರುವ ಹಬೆಯನ್ನೂ ಹಿಂಡಿ ಶಾಖ ತೆಗೆಯುವ ಜಾತಿಯ ಬಾಯ್ಲರ್ ಅದು. ಕೂರಿಸಲು ಬಂದವನು ನೀರಿನ ಬಿಸಿಯ ಗುಂಡಿಯನ್ನು ಎಪ್ಪತ್ತೈದು ಡಿಗ್ರಿಗೆ ತಿರುಗಿಸಿಟ್ಟು, ಚಹಾ ಕುಡಿದು ಹೊರಟುಹೋದ. ಡೆಸ್ಮಂಡ್ ಅದರ ಜೊತೆ ಬಂದ ಕೈಪಿಡಿಯನ್ನು ಕೈಗೆತ್ತಿಕೊಂಡ. ಓದುತ್ತ ಓದುತ್ತ ಅವನ ಹುಬ್ಬು ಮೇಲೇರಿತು. ಕೋಣೆಕೋಣೆಯ ಗೋಡೆಗಿರುವ ಬಿಸಿನೀರಿನ ರೇಡಿಯೇಟರುಗಳನ್ನೆಲ್ಲ ಸುತ್ತಿ ಮರಳಿ ಬರುವ ನೀರು ಐವತ್ತೈದು ಡಿಗ್ರಿಗಿಂತ ತಣ್ಣಗಿದ್ದರೆ ಮಾತ್ರ ಹೊಗೆಯೊಳಗಿನ ಹಬೆ ನೀರಾಗಿ, ತನ್ನಲ್ಲಿರುವ ಶಾಖವನ್ನು ಮನೆಗೆ ಬಿಟ್ಟುಕೊಡುತ್ತದಂತೆ. ಬಿಸಿಬಿಸಿಯಾಗಿಯೇ ಮರಳಿದರೆ ಹಬೆ ಹಬೆಯಾಗಿಯೇ ಕೊಳವೆಯಿಂದ ಹಾರಿಹೋಗುತ್ತದಂತೆ.

"ಏವ್ರಿಲ್, ಈ ಇಡೀ ಬೀದಿ ಗ್ಯಾಸ್ ಸುಟ್ಟು ಆಕಾಶ ಕಾಯಿಸ್ತಾ ಕೂತಿದೆ ಕಣೇ!" ಎಂದು ಕೂಗಿದ.

"ಅದಕ್ಕೂ ಚಳಿಯಾಗ್ತಿರುತ್ತೆ ಬಿಡು," ಎಂದಳು ಹೆಂಡತಿ, ಹೆಣಿಗೆಯಿಂದ ಕಣ್ಣೆತ್ತದೆ.

ಡೆಸ್ಮಂಡ್ ಗುಂಡಿಯನ್ನು ಐವತ್ತಕ್ಕೆ ಇಳಿಸಿದ. ಸ್ಪ್ಯಾನರ್ ಹಿಡಿದು ನೆಲದ ಮೇಲೆ ತೆವಳುತ್ತ, ಪ್ರತಿಯೊಂದು ರೇಡಿಯೇಟರಿನ ಕಾಲ ಬಳಿಯ ತಿರುಪನ್ನೂ ಒಂದಿಷ್ಟು ಬಿಗಿದು ಒಂದಿಷ್ಟು ಸಡಿಲಿಸಿ, ಹತ್ತಿರದ್ದಕ್ಕೂ ದೂರದ್ದಕ್ಕೂ ನೀರು ಸಮನಾಗಿ ಹಂಚಿಹೋಗುವಂತೆ ಮಾಡಿದ. ಬೆಳಗ್ಗೆ ಸಂಜೆ ಭರ್ರನೆ ಉರಿಸಿ ಆರಿಸುವ ಪದ್ಧತಿ ಬಿಟ್ಟು, ದಿನವಿಡೀ ಮೆಲ್ಲಗೆ ಉರಿಯಲು ಬಿಟ್ಟ. ಕೈಪಿಡಿಯ ಮಾತು ಸುಳ್ಳಾಗಲಿಲ್ಲ. ಮನೆಯೆಲ್ಲ ಒಂದೇ ಹದಕ್ಕೆ ಬಂತು. ಯಾವ ಕಾಲದಿಂದಲೂ ಕೊರೆಯುತ್ತಿದ್ದ ಬಚ್ಚಲುಮನೆಯಲ್ಲೂ ಈಗ ಬರಿಗಾಲಲ್ಲಿ ನಿಲ್ಲಬಹುದಿತ್ತು. ಗ್ಯಾಸಿನ ಮೀಟರು ನಿಧಾನವಾಯಿತು. ರೇಡಿಯೇಟರುಗಳನ್ನು ಮುಟ್ಟಿದರೆ ಮಾತ್ರ ಉಗುರುಬೆಚ್ಚಗೆ, ಅಷ್ಟೆ.

ಹಿತ್ತಿಲಲ್ಲಿ ಬಾಯ್ಲರಿನ ಸಣ್ಣ ಪೈಪೊಂದು ಮೋರಿಗೆ ಇಳಿದಿತ್ತು. ಹಬೆ ನೀರಾದದ್ದು ಅದರಲ್ಲಿ ತೊಟ್ಟಿಕ್ಕುತ್ತಿತ್ತು. ಮನೆಗೆ ಬಂದವರನ್ನೆಲ್ಲ ಡೆಸ್ಮಂಡ್ ಅಲ್ಲಿಗೆ ಕರೆದೊಯ್ದು, ತೊಟ್ಟಿಲ ಮಗುವನ್ನು ತೋರಿಸುವಂತೆ ತೋರಿಸುವನು. ಪಕ್ಕದ ಮನೆಯ ಆರ್ಮಿಟೇಜ್, ಚಾಪೆಲ್ ಎಂಬ ಪುಟ್ಟ ಚರ್ಚಿನ ಪಾರುಪತ್ಯದವನು, ಬಹಳ ಹೊತ್ತು ಬಗ್ಗಿ ನೋಡಿ ಹೇಳಿದ:

"ನನಗೂ ಹೀಗೇ ಆಗಿತ್ತು ಕಣಯ್ಯ. ಡಾಕ್ಟರು ಮಾತ್ರೆ ಕೊಟ್ರು, ನಿಂತುಹೋಯ್ತು."

'ಉಗುರುಬೆಚ್ಚಗಿನ ಡೆಸ್ಮಂಡ್' ಎಂಬ ಬಿರುದು ಬೀದಿಗೆ ಹಬ್ಬಿದ್ದೂ ಆರ್ಮಿಟೇಜನಿಂದಲೇ. ಡೆಸ್ಮಂಡ್ ಅದನ್ನು ಪ್ರಶಸ್ತಿಯೆಂದೇ ಸ್ವೀಕರಿಸಿದ.

ಇನ್ನು ಏವ್ರಿಲ್. ಶಾಲೆಯ ಅಡುಗೆಮನೆಯಲ್ಲಿ ಹಂಡೆಗಟ್ಟಲೆ ಆಲೂಗಡ್ಡೆ ಬೇಯಿಸಿ ಬೇಯಿಸಿ ಬೆನ್ನು ಸವೆಸಿಕೊಂಡವಳು. ಹೊರಗಿನಿಂದ ಬಂದವಳೇ ಕೋಟು ಕಳಚಿ, ಕೈಗಳನ್ನು ಹಿಂದೆ ಕಟ್ಟಿ, ನಡುಮನೆಯ ರೇಡಿಯೇಟರಿಗೆ ಬೆನ್ನು ಆನಿಸಿ ನಿಲ್ಲುವುದು ಅವಳ ರೂಢಿ. ಹೊಸ ಏರ್ಪಾಡಾದ ದಿನವೂ ಹಾಗೇ ನಿಂತಳು. ಒಂದು ಗಳಿಗೆ ಬಿಟ್ಟು ತಿರುಗಿ ಅದನ್ನು ಮುಟ್ಟಿ ನೋಡಿದಳು.

"ಡೆಸ್ಮಂಡ್, ಇದು ಸತ್ತುಹೋಗಿದೆ."

"ಸತ್ತಿಲ್ಲ ಕಣೇ, ಉಳಿತಾಯ ಮಾಡ್ತಿದೆ. ಕೋಣೆ ನೋಡು, ಸರಿಯಾಗಿ ಇಪ್ಪತ್ತು ಡಿಗ್ರಿ."

"ಮನೆಯೆಲ್ಲ ಬೆಚ್ಚಗಿದೆ, ಇಲ್ಲ ಅನ್ನಲ್ಲ. ಆದ್ರೆ ಬೆಚ್ಚಗಿರೋ ವಸ್ತು ಒಂದೂ ಇಲ್ವಲ್ಲೋ."

ಡೆಸ್ಮಂಡ್ ಹೊಟ್ಟೆ ಹಿಡಿದು ನಕ್ಕ. ಹೆಂಗಸರಿಗೆ ಶಾಖವೆಂದರೇನೆಂದೇ ತಿಳಿಯದು ಎನ್ನುವುದಕ್ಕೆ ಉದಾಹರಣೆಯಾಗಿ ಆ ಮಾತನ್ನು ನಾಲ್ಕು ಜನರ ಮುಂದೆ ಹೇಳಿಯೂ ಬಂದ. ಏವ್ರಿಲ್ ಮತ್ತೆ ಅದರ ಸುದ್ದಿ ಎತ್ತಲಿಲ್ಲ. ಅವನು ಅದನ್ನು ಗೆಲುವೆಂದುಕೊಂಡ.

ಆದರೆ ಚಳಿಗಾಲ ಬಲಿತಂತೆ ಏವ್ರಿಲ್ ಮನೆಯಲ್ಲಿ ಸಿಗುವುದೇ ಅಪರೂಪವಾಯಿತು. ಬುಧವಾರ ಚಾಪೆಲಿನ ಹಾಲ್‌ನಲ್ಲಿ ಹೆಣಿಗೆಯ ಕೂಟ, ಅದು ಮೊದಲಿನಿಂದಲೂ ಇದ್ದದ್ದೇ. ಈಗ ಸೋಮವಾರವೂ ಹೋಗುವಳು, ಶುಕ್ರವಾರವೂ ಹೋಗುವಳು. ಬರುವಾಗ ಕೆನ್ನೆ ಕೆಂಪಗೆ, ಬಾಯಲ್ಲಿ ಏನೋ ಹಾಡಿನ ಗುನುಗು. ಮನೆಯೊಳಗೆ ಬಂದು ಕೂತರೆ ಗುನುಗು ನಿಂತುಹೋಗುವುದು. ಡೆಸ್ಮಂಡ್ ಮಧ್ಯಾಹ್ನ ಒಬ್ಬನೇ ಕೂತು ತಣ್ಣನೆಯ ಪೋರ್ಕ್ ಪೈ ತಿನ್ನುವನು. ಎದುರಿನ ಕುರ್ಚಿ ಖಾಲಿ. ಇವಳಿಗೆ ನಾನು ಬೇಸರವಾಗಿಬಿಟ್ಟೆನೇ ಎಂಬ ಯೋಚನೆ ಮೊದಲ ಸಲ ಬಂದಾಗ ಅವನು ಪೈ ಅಲ್ಲೇ ಬಿಟ್ಟೆದ್ದು ಮೋರಿಯ ಬಳಿ ಹೋಗಿ ನಿಂತ. ನೀರು ಚೆನ್ನಾಗಿಯೇ ತೊಟ್ಟಿಕ್ಕುತ್ತಿತ್ತು. ಆದರೂ ಮನಸ್ಸಿಗೆ ಹಿತವೆನಿಸಲಿಲ್ಲ.

ಒಂದು ಬುಧವಾರ ತಡೆಯಲಾರದೆ ಕೋಟು ಹಾಕಿಕೊಂಡು ಹೊರಟ. ಹಾಲ್‌ನ ಬಾಗಿಲನ್ನು ಮೆಲ್ಲಗೆ ತಳ್ಳಿ ನೋಡಿದರೆ, ಗೋಡೆಯುದ್ದದ ಹಳೆಯ ಕಬ್ಬಿಣದ ರೇಡಿಯೇಟರಿಗೆ ಬೆನ್ನು ಕೊಟ್ಟು ನಾಲ್ವರು ಹೆಂಗಸರು ಸಾಲಾಗಿ ನಿಂತಿದ್ದಾರೆ. ನಡುವೆ ಏವ್ರಿಲ್. ಕೈ ಹಿಂದೆ, ಕಣ್ಣು ಅರೆ ಮುಚ್ಚಿದೆ. ಶಾಲೆಯಲ್ಲಿ ಇಡೀ ಪಾತ್ರೆ ಕಸ್ಟರ್ಡ್ ಹೆಡ್‌ಮಾಸ್ಟರರ ಬೂಟಿನ ಮೇಲೆ ಚೆಲ್ಲಿದ ಕಥೆ ಹೇಳುತ್ತಿದ್ದಾಳೆ. ಉಳಿದವರು ಬಿದ್ದು ಬಿದ್ದು ನಗುತ್ತಿದ್ದಾರೆ. ಈ ಕಥೆಯನ್ನು ಡೆಸ್ಮಂಡ್ ಕೇಳಿಯೇ ಇರಲಿಲ್ಲ. ಆ ಮುಖವನ್ನು ನೋಡಿಯೂ ಬಹಳ ಕಾಲವಾಗಿತ್ತು. ಎದೆಯಲ್ಲಿ ಏನೋ ಚುರ್ರೆಂದಿತು. ಅದು ಹೊಟ್ಟೆಕಿಚ್ಚೆಂದು ಗೊತ್ತಾದಾಗ ಅವನಿಗೇ ನಾಚಿಕೆಯಾಯಿತು. ಎದುರಾಳಿ ಗಂಡಸಾಗಿದ್ದರೆ ಹೊರಗೆ ಕರೆದು ಎರಡು ಮಾತಾಡಬಹುದಿತ್ತು. ಕಬ್ಬಿಣದೊಂದಿಗೆ ಏನು ಮಾತಾಡುವುದು?

ಒಳಗೆ ಬಂದು ರೇಡಿಯೇಟರಿನ ತುದಿ ಮುಟ್ಟಿದ. ಕೈ ಸುಟ್ಟಿತು.

"ಎಂಬತ್ತು!" ಎಂದು ಚೀರಿದ.

"ನಂಗಿನ್ನೂ ಎಪ್ಪತ್ತೆಂಟು ಕಣಪ್ಪ," ಎಂದಳು ಸಾಲಿನ ತುದಿಯಲ್ಲಿದ್ದ ದಪ್ಪ ಥೆಲ್ಮಾ. ಮತ್ತೆ ನಗು.

ಸದ್ದು ಕೇಳಿ ಆರ್ಮಿಟೇಜ್ ಒಳಗಿನಿಂದ ಬಂದ. "ಒಳ್ಳೇ ಹೊತ್ತಿಗೆ ಬಂದೆ ಕಣಯ್ಯ! ಗ್ಯಾಸಿಂದೇ ದೊಡ್ಡ ತಲೆನೋವಾಗಿದೆ. ನಮ್ಮ ಬಾಯ್ಲರೂ ನಿನ್ನದರ ಜಾತೀದೇ. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಸಭೆ ಇದೆ, ಬಾ. ತಮಾಷೆ ಮಾಡ್ತೀನಿ ನಿಜ, ಆದ್ರೆ ಇದು ಗೊತ್ತಿರೋನು ನೀನೊಬ್ಬನೇ. ನೀನು ಎಷ್ಟಕ್ಕೆ ಇಡು ಅಂತೀಯೋ ಅಷ್ಟಕ್ಕೆ ಇಡ್ತೀವಿ."

ಗೊತ್ತಿರೋನು ನೀನೊಬ್ಬನೇ! ಈ ಮಾತಿಗಾಗಿ ಡೆಸ್ಮಂಡ್ ಹುಟ್ಟಿದಂದಿನಿಂದ ಕಾದಿದ್ದ. ಆದರೆ ಹೆಂಗಸರ ನಗು ನಿಂತಿತ್ತು. ಏವ್ರಿಲ್ ಅವನ ಮುಖವನ್ನೊಮ್ಮೆ ನೋಡಿ, ಬಗ್ಗಿ ಉಣ್ಣೆಯ ಚೀಲ ಎತ್ತಿಕೊಂಡಳು.

ಅಂದು ಚಹಾದ ಹೊತ್ತಿಗೆ ಅವಳೇ ಕೇಳಿದಳು. "ಭಾನುವಾರ ಏನು ಹೇಳ್ತೀಯ?"

"ಲೆಕ್ಕ ಏನು ಹೇಳುತ್ತೋ ಅದನ್ನೇ."

"ಸರಿ. ಲೈಬ್ರರೀಲಿ ಇನ್ನೊಂದಿದೆಯಂತೆ."

"ಏನು ಇನ್ನೊಂದು?"

"ಬಿಸಿ ರೇಡಿಯೇಟರ್." ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ವಾಸಿಯಿತ್ತು.

ಅವನು ಕಪ್ಪು ಕೆಳಗಿಟ್ಟ. "ನಿಜ ಹೇಳು ಏವ್ರಿಲ್, ಮನೇಲಿ ನಿಂಗೆ ಚಳಿಯಾಗುತ್ತಾ?"

"ಇಲ್ಲಪ್ಪ. ಈ ಸಲ ಕೆಮ್ಮು ಕೂಡ ಬಂದಿಲ್ಲ. ನೀನು ಮಾಡಿರೋದು ಸರಿಯಾಗೇ ಇದೆ, ನಾನೇನು ದಡ್ಡಿಯಲ್ಲ. ಈ ಬೆನ್ನಿಗೆ ಆನಿಸ್ಕೊಳ್ಳೋಕೆ ಬಿಸಿಯಾಗಿ ಏನಾದ್ರೂ ಬೇಕು, ಅಷ್ಟೆ. ನಾಲ್ಕು ಜನ ಹಾಗೆ ನಿಂತ್ರೆ ಮಾತೂ ಹೊರಡುತ್ತೆ. ಇಲ್ಲಿ ನೀನೊಂದು ಕುರ್ಚಿ, ನಾನೊಂದು ಕುರ್ಚಿ."

ಡೆಸ್ಮಂಡ್ ಮೇಜಿನ ಮುಂದೆ ಕೂತು ಚಾಪೆಲಿನ ಲೆಕ್ಕ ಶುರುಮಾಡಿದ. ಉತ್ತರ ಇಂಥದೇ ಬರಲಿ ಎಂದು ಹಾರೈಸುತ್ತ ಅವನು ಲೆಕ್ಕ ಮಾಡಿದ್ದು ಜೀವಮಾನದಲ್ಲಿ ಅದೇ ಮೊದಲು. ಬಂದ ಉತ್ತರವನ್ನು ನಂಬಲಾಗದೆ ಮತ್ತೊಮ್ಮೆ ಮಾಡಿದ. ಮತ್ತೆ ಅದೇ ಬಂತು.

ಭಾನುವಾರ ಸಭೆಯಲ್ಲಿ ಎದ್ದು ನಿಂತು ಗಂಟಲು ಸರಿಮಾಡಿಕೊಂಡ. ಹಬೆ, ಹನಿ, ಮರಳುವ ನೀರು ಎಲ್ಲವೂ ಮಾತಿನಲ್ಲಿ ಬಂದವು. ಹಿಂದಿನ ಸಾಲಿನಲ್ಲಿ ಯಾರೋ ಗೊರಕೆ ಹೊಡೆದರು. ಏವ್ರಿಲ್ ಕಿಟಕಿಯಾಚೆ ನೋಡುತ್ತಿದ್ದಳು.

"ಆದರೆ," ಎಂದ ಡೆಸ್ಮಂಡ್, "ಅದು ದಿನವೆಲ್ಲ ಜನ ಇರೋ ಮನೆ ಮಾತು. ಈ ಹಾಲ್ ತೆರೆಯೋದೇ ಸ್ವಲ್ಪ ಹೊತ್ತು. ಕಲ್ಲಿನ ಗೋಡೆ ಬೇರೆ. ಉಗುರುಬೆಚ್ಚಗೆ ಇಟ್ರೆ ನೀವೆಲ್ಲ ಮನೆ ಸೇರಿದ ಮೇಲೆ ಇದು ಬೆಚ್ಚಗಾಗುತ್ತೆ. ಅದಕ್ಕೇ ಬಿಸಿಯಾಗೇ ಇರಲಿ. ಜನ ಬರೋಕೆ ಸ್ವಲ್ಪ ಮುಂಚೆ ಹಾಕಿ, ಎದ್ದು ಹೋಗೋಕೆ ಮುಂಚೆ ಆರಿಸಿ. ಯಾರೂ ಹತ್ತದ ಮಹಡಿ ರೇಡಿಯೇಟರುಗಳನ್ನ ಮುಚ್ಚಿಬಿಡಿ. ನಿಮ್ಮ ಗ್ಯಾಸ್ ಪೋಲಾಗ್ತಿರೋದು ಅಲ್ಲಿ."

ಆರ್ಮಿಟೇಜ್ ಬಾಯಿ ತೆರೆದ. "ಬಿಸಿಯಾಗೇ ಇರಲಿ ಅಂತ ನೀನು ಹೇಳ್ತಿದ್ದೀಯಾ? ನೀನು?"

"ನಾನಲ್ಲ. ಲೆಕ್ಕ ಹೇಳ್ತಿದೆ," ಎಂದು ಡೆಸ್ಮಂಡ್ ಗಂಭೀರವಾಗಿ ಕುಳಿತುಕೊಂಡ.

ಇಳಿಜಾರಿನಲ್ಲಿ ಮನೆಗೆ ನಡೆಯುವಾಗ ಏವ್ರಿಲ್ ಅವನ ತೋಳಿನೊಳಗೆ ತೋಳು ಸೇರಿಸಿದಳು. ಹಿಮ ಬಿದ್ದು ಜಾರುತ್ತಿದ್ದುದೂ ನಿಜವೇ.

"ಬುಧವಾರ ನಾನೂ ಬರ್ಲಾ?" ಎಂದ ಅವನು, ಎದುರಿನ ಬಸ್‌ಸ್ಟಾಪನ್ನು ನೋಡುತ್ತ.

"ನಿಂಗೆ ಹೆಣಿಗೆ ಎಲ್ಲಿ ಬರುತ್ತೋ?"

"ಬರಲ್ಲ. ಸುಮ್ನೆ ನಿಂತ್ಕೋತೀನಿ."

ಬುಧವಾರ ಏವ್ರಿಲ್ ಬಾಗಿಲಲ್ಲಿ ಅವನ ಕೋಟು ಹಿಡಿದು ನಿಂತಿದ್ದಳು.

ಹಾಲ್‌ನಲ್ಲಿ ಥೆಲ್ಮಾ, "ಸರ್ಕೊಳ್ರೇ, ಇನ್‌ಸ್ಪೆಕ್ಟರ್ ಸಾಹೇಬ್ರು ಬಂದ್ರು, ಟಿಕೆಟ್ ತೋರಿಸಿ," ಎಂದಳು. ಏವ್ರಿಲ್ ಒಂದಿಷ್ಟು ಸರಿದು ಜಾಗ ಕೊಟ್ಟಳು. ಡೆಸ್ಮಂಡ್ ಕೈ ಹಿಂದೆ ಕಟ್ಟಿ ಬೆನ್ನು ಆನಿಸಿದ. ಶಾಖ ಸ್ವೆಟರನ್ನು ದಾಟಿ ಒಳಗಿಳಿಯಿತು.

"ಇಲ್ಲಿ ನೋಡಿ, ಮರಳಿ ಹೋಗೋ ನೀರು ಈಗ..." ಎಂದು ತೊಡಗಿದ.

"ಬೆನ್ನು ಕಾಯಿಸ್ಕೋ ಸಾಕು, ಬಾಯಿ ಬೇಡ," ಎಂದಳು ಏವ್ರಿಲ್.

ಅವನು ಬಾಯಿ ಮುಚ್ಚಿದ. ಏವ್ರಿಲ್ ತಾವು ಮದುವೆಯಾದ ವರ್ಷದ ಚಳಿಯ ಸುದ್ದಿ ತೆಗೆದಳು. ಕಿಟಕಿಯ ಗಾಜಿನ ಒಳಮೈಗೆ ಮಂಜು ಕಟ್ಟಿತ್ತು, ಅದರ ಮೇಲೆ ಡೆಸ್ಮಂಡ್ ಬೆರಳಿನಿಂದ ಬಸ್ಸಿನ ಚಿತ್ರ ಬರೆದಿದ್ದ, ಎಂದಳು. ಡಬಲ್ ಡೆಕ್ಕರ್, ಎಂದು ಅವನು ತಿದ್ದಿದ. ಅದರೊಳಗೆ ನೀನು ನನ್ನನ್ನೂ ಬರೆದಿದ್ದೆ, ಎಂದಳು ಅವಳು. ಮಧ್ಯಾಹ್ನದ ಊಟಕ್ಕೆ ಇಬ್ಬರೂ ಒಟ್ಟಿಗೇ ಮನೆಗೆ ಹೊರಟರು.