ಕುಂಕುಮ ಮೆತ್ತಿದ ಪೆನ್ನು

ಹಳ್ಳಿಮೈಸೂರಿನ ಪಟೇಲರ ಮೊಮ್ಮಗ ತಮ್ಮಯ್ಯಗೌಡ ಅಂಗಿ ತೊಡುತ್ತಿದ್ದುದೇ ಸತ್ತ ಅಜ್ಜನ ಪೆನ್ನು ಸಿಕ್ಕಿಸಿಕೊಳ್ಳಲು. ಪೆನ್ನು ಮುಚ್ಚಿಹೋದೀತೆಂದು ಆ ಕಡೆಯ ಹೆಗಲಿಗೆ ಟವೆಲ್ ಹಾಕುತ್ತಿರಲಿಲ್ಲ, ಮಗುವನ್ನೂ ಆ ಕಡೆ ಎತ್ತಿಕೊಳ್ಳುತ್ತಿರಲಿಲ್ಲ. ಬರೆಯುವುದು ಮಾತ್ರ ಸೀಸದಕಡ್ಡಿಯಲ್ಲಿ. ಅರಕಲಗೂಡಿರಲಿ, ಹಾಸನವಿರಲಿ, ಇಂಕು ಮಾರುವ ಅಂಗಡಿ ಕಂಡರೆ ನಿಲ್ಲುತ್ತಿದ್ದ: "ಇದ್ಯಾವ ಕಂಪ್ನೀದು, ಗುರ್ತು ಇಡಿದು ಯೋಳಿ ನೋಡವಾ. ನಮ್ಮಜ್ಜಂಗೆ ಬಿಳಿ ದೊರೆ ಕೊಟ್ಟಿದ್ದು ಕಣ್ರೀ." ಯಾರಿಗೂ ಗುರುತು ಸಿಗುತ್ತಿರಲಿಲ್ಲ, ಆಯುಧಪೂಜೆಯ ಕುಂಕುಮ, ಗಂಧ ವರ್ಷ ವರ್ಷವೂ ಮೆತ್ತಿಕೊಂಡು ಪೆನ್ನಿನ ಮೈಗೆ ತೊಗಟೆ ಕಟ್ಟಿತ್ತು. ಕೆರೆಯಲು ಅವನು ಬಿಡುತ್ತಿರಲಿಲ್ಲ. ಮೊದಲ ಕುಂಕುಮ ಅಜ್ಜನೇ ಕೈಯಾರೆ ಹಚ್ಚಿದ್ದಂತೆ. ಸ್ವಾತಂತ್ರ್ಯ ಬಂದ ವರ್ಷ, ನಾನೂ ಜೊತೆಗಿದ್ದಾಗ, ಚನ್ನರಾಯಪಟ್ಟಣದ ಇಂಕಿನ ಅಂಗಡಿಯ ಪದ್ಮರಾಜಯ್ಯ, "ಮುಖ ತೊಳೀದೆ ಗುರ್ತು ಎಂಗೆ ಸಿಕ್ತದೆ ಗೌಡ್ರೇ" ಎಂದು ಪುಸಲಾಯಿಸಿ ಒದ್ದೆ ಬಟ್ಟೆಯಲ್ಲಿ ಉಜ್ಜಿದ. ಕಂಪನಿಯ ಹೆಸರಿಗಿಂತ ಮೊದಲು ಕೆತ್ತಿಸಿದ ಹೆಸರು ಕಂಡಿತು: ಕೆ. ಅಣ್ಣಾಜಪ್ಪ, ಉಪಾಧ್ಯಾಯರು. ನಲವತ್ತೆರಡರ ಚಳವಳಿಯಲ್ಲಿ ನಮಗೆ ಕರಪತ್ರ ಬರೆದುಕೊಟ್ಟು, ಜೈಲಿಗೆ ಹೋಗಿ, ಹೆಣವಾಗಿ ಊರಿಗೆ ಬಂದ ಮೇಷ್ಟ್ರು. ಅವರನ್ನು ಪೊಲೀಸರಿಗೆ ಹಿಡಿದುಕೊಟ್ಟವರು ಯಾರೆಂದು ನಾವು ಊರೂರು ಜಾಲಾಡಿದ್ದೆವು. ಪಟೇಲರ ಮೇಲೆ ಯಾರಿಗೂ ಅನುಮಾನ ಬಂದಿರಲಿಲ್ಲ. ಪದ್ಮರಾಜಯ್ಯನ ಕೈ ಅಲ್ಲೇ ನಿಂತಿತು. ತಮ್ಮಯ್ಯನಿಗೆ ಅಕ್ಷರ ತಿದ್ದಿಸಿದವರೂ ಅದೇ ಮೇಷ್ಟ್ರು. ಆ ಹೆಸರನ್ನು ಅವನು ಕಾಗುಣಿತ ಕಲಿಯುವವನಂತೆ ಒಂದೊಂದೇ ಅಕ್ಷರ ಓದಿದ. "ಒರೆಸಿದ್ದು ಸಾಕು ಬುಡಿ ಸಾ," ಎಂದು ಪೆನ್ನು ಇಸಿದುಕೊಂಡು ಜೇಬಿಗೆ ಸಿಕ್ಕಿಸಿದ. ಆಮೇಲೆ, ಮೊಟ್ಟಮೊದಲ ಸಲ, ಟವೆಲನ್ನು ಆ ಹೆಗಲಿಗೆ ಎಳೆದುಕೊಂಡ.