ಗೋಡೆಯ ಕಡೆಗೆ ಹೊರಟ ಹರಿಗೋಲು

ತುಂಗಭದ್ರೆಯ ಅಂಬಿಗನೊಬ್ಬ ದಿನಾ ಬೆಳಿಗ್ಗೆ ಸೈಕಲ್ ಅಂಗಡಿಯೊಳಗೆ ಹುಟ್ಟು ಹಾಕುತ್ತಾನೆ ಎಂದರೆ ನಗಬೇಡಿ. ನಗುವ ಹಕ್ಕು ಯಾರದೆಂದು ಕೊನೆಗೆ ತಿಳಿಯುತ್ತದೆ. ಹೇಳುವುದೆಲ್ಲ ನಡೆದದ್ದೇ.

ಕೋಳಿ ಕೂಗುವ ಹೊತ್ತು. ಹುಲಿಗಿಯ ಗುಡಿಯ ದಾರಿಯಲ್ಲಿ ಮರ್ದಾನಸಾಬನ ಅಂಗಡಿಯ ಬಾಗಿಲು ಅರ್ಧ ತೆರೆದಿದೆ. ಒಳಗೆ ಎರಡು ಕಬ್ಬಿಣದ ಪಟ್ಟಿಗಳ ಮೇಲೆ ಒಂದು ಹಲಗೆ, ಹಲಗೆಯಡಿ ಹಳೆಯ ಬೇರಿಂಗು. ಅದರ ಮೇಲೆ ಕುಳಿತ ಅಂಬಿಗ ದುರುಗಪ್ಪ, ಗೋಡೆಯ ಗೂಟಗಳಿಗೆ ಬಿಗಿದ ಎರಡು ಸೈಕಲ್ ಟ್ಯೂಬುಗಳನ್ನು ಕೈಗೊಂದರಂತೆ ಎದೆಯವರೆಗೆ ಎಳೆಯುತ್ತಾನೆ. ಹಲಗೆ ಕಿರ್ರೆಂದು ಹಿಂದೆ ಸರಿಯುತ್ತದೆ, ಸಡಿಲ ಬಿಟ್ಟರೆ ಮುಂದೆ ಓಡುತ್ತದೆ. ಬೆವರೊಂದೇ ಅಲ್ಲಿರುವ ನೀರು.

"ಎಲ್ಲಿಗೆ ಬಂತಪಾ ಹರಿಗೋಲು?" ಪಂಕ್ಚರ್ ಹಚ್ಚುತ್ತ ಮರ್ದಾನಸಾಬ ಕೇಳುತ್ತಾನೆ.

"ಇನ್ನಾ ನಿನ್ನ ಗ್ವಾಡಿ ಕಡೇನ ಹೊಂಟೈತಿ, ಭಾಯಿ."

ದುರುಗಪ್ಪ ಹುಟ್ಟಿನಿಂದಲೇ ಹುಟ್ಟು ಹಿಡಿದವನು. ಆಚೆ ದಂಡೆಯ ಭಕ್ತರನ್ನು, ಅವರ ಕೂಸು, ಕುರಿ, ಕಾಯಿಬುಟ್ಟಿಗಳ ಸಮೇತ ಈಚೆಗೆ ತರುವುದು ಅವನ ಬದುಕು. ಎಂಬತ್ಮೂರನೆಯ ಇಸವಿಯ ಚಳಿಗಾಲದಲ್ಲಿ ಹರಿಗೋಲನ್ನು ಬೆನ್ನಿಗೆ ಹೊತ್ತು ದಂಡೆ ಏರುವಾಗ ಪಾಚಿಗಲ್ಲಿನ ಮೇಲೆ ಕಾಲು ಜಾರಿತು, ಬಲಭುಜದ ಕೀಲು ತಪ್ಪಿತು. ಕೀಲೇನೋ ಕೂಡಿತು, ತೋಳು ಸೊರಗಿತು.

ಅಂಬಿಗರ ಹಿರಿಯ ಕನಕಪ್ಪ ಮುಲಾಜಿಲ್ಲದೆ ಹೇಳಿಬಿಟ್ಟಿದ್ದಾನೆ: "ಹೊಸ ನೀರು ಬಂದ ದಿನ ತುಂಬಿದ ಹರಿಗೋಲು ನೀನೊಬ್ಬನ ದಾಟಸು. ಆಗಲಿಲ್ಲಂದ್ರ ನಿನ್ನ ಪಾಳಿ ಮತ್ತೊಬ್ಬಗ. ಮಂದಿ ಜೀವದ ಮಾತೈತಿ, ತಮ್ಮಾ."

ಪಾಳಿ ಹೋದರೆ ದುರುಗಪ್ಪನಿಗೆ ಬೇರೆ ಕಸುಬು ಬರುವುದಿಲ್ಲ. ಬೇಸಿಗೆಯ ಹೊಳೆಯಲ್ಲೋ ಮೊಣಕಾಲು ನೀರು. ಅಭ್ಯಾಸ ಮಾಡುವುದೆಲ್ಲಿ?

ಉಪಾಯ ಸಿಕ್ಕಿದ್ದು ಮಿರ್ಚಿ ಕಟ್ಟಿದ ಕಾಗದದಲ್ಲಿ. ಕೋಣೆಯೊಳಗೆ ಯಂತ್ರದ ಮೇಲೆ ಕುಳಿತು ಹುಟ್ಟು ಎಳೆಯುವ ಯಾರೋ ಬಿಳಿಯನ ಚಿತ್ರ ಅದರಲ್ಲಿತ್ತು. ಮರ್ದಾನಸಾಬ ಎಣ್ಣೆ ಒರೆಸಿ ನೋಡಿದ, ಹತ್ತಿರದ ಭಾಗ್ಯನಗರದಿಂದ ಗುಜರಿ ಹೊತ್ತು ತಂದ, ಇದನ್ನು ಕಟ್ಟಿದ. ದುರುಗಪ್ಪ ಸುಸ್ತಾಗಿ ಕೈಬಿಟ್ಟಾಗಲೆಲ್ಲ ಮರ್ದಾನಸಾಬ ಕನಕಪ್ಪನ ಗೊಗ್ಗರು ದನಿ ತೆಗೆದು, "ಮಂದಿ ಜೀವದ ಮಾತೈತಿ, ತಮ್ಮಾ!" ಎಂದು ಅಣಕಿಸುತ್ತಾನೆ. ದುರುಗಪ್ಪ ಮತ್ತೆ ಎಳೆಯುತ್ತಾನೆ.

"ಎಡಗೈಗೆ ಹಗುರ ಬರತೈತಿ. ಬಲಗೈ ಎಷ್ಟು ಎಳದ್ರೂ ಅಷ್ಟಕ್ಕಷ್ಟ," ಎಂದು ತೋಳು ನೀವಿಕೊಳ್ಳುತ್ತಾನೆ.

"ಸುಮ್ನ ಎಳೀರಿ. ಕೈಗೂ ನಾಚಿಕಿ ಐತಿ, ಬರತೈತಿ," ಚಹಾ ತಂದ ಅವನ ಹೆಂಡತಿ ಗಾಳೆಮ್ಮನ ಮಾತು. ಮರ್ದಾನಸಾಬ ಮಾತ್ರ ಪಂಕ್ಚರಿನೊಳಗೆ ಮುಖ ಹುದುಗಿಸುತ್ತಾನೆ.

ಹೊಸ ನೀರು ಕೆಂಪಗೆ ಬರುತ್ತದೆ. ಆಚೆ ದಂಡೆಯಿಂದ ತುಂಬಿದ ಹರಿಗೋಲು ಹೊರಡುತ್ತದೆ. ಒಂದೇ ಹುಟ್ಟು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಎರಡೂ ಕಡೆ ಒತ್ತು ಮಾತ್ರ ಸಮ ಬೀಳಬೇಕು. ಬಲಗೈ ಇನ್ನೂ ಸೋತಿದೆಯೆಂದು ನಂಬಿದ ದುರುಗಪ್ಪ ಆ ಕಡೆ ಮೈಯೆಲ್ಲ ಹಾಕಿ ಎಳೆಯುತ್ತಾನೆ. ನಡುಹೊಳೆಯಲ್ಲಿ ಹರಿಗೋಲು ಬುಗುರಿಯಂತೆ ಗಿರ್ರನೆ ತಿರುಗುತ್ತದೆ. ಕಲಿಯುವ ಹುಡುಗರಿಗಷ್ಟೇ ಆಗುವ ಅವಮಾನ!

"ಏ ಯಪ್ಪಾ, ಗುಡಿ ಮುಟ್ಟೂಕಿಂತ ಮೊದಲ ಪ್ರದಕ್ಷಿಣಿ ಹಾಕಸಾಕತ್ತೀಯಲ್ಲೋ!" ಬುಟ್ಟಿ ಅವಚಿಕೊಂಡ ಮುದಕಮ್ಮ ಎಂಬ ಅಜ್ಜಿ ಕೂಗುತ್ತಾಳೆ.

ಎರಡನೆಯ ಸುತ್ತಿಗೆ ದುರುಗಪ್ಪನಿಗೆ ಹೊಳೆಯುತ್ತದೆ: ಬಲಗೈ ಸೋತಿಲ್ಲ, ಎಡಗೈಯನ್ನೇ ಮೀರಿಸಿದೆ. ಬಲಗೈಯನ್ನು ತಡೆದು, ಎಡಗೈಗೆ ಒತ್ತು ಕೊಟ್ಟು, ನೆಟ್ಟಗೆ ತಂದು ದಂಡೆಗೆ ಮುಟ್ಟಿಸುತ್ತಾನೆ.

ಕನಕಪ್ಪ ತಾನೇ ಹಗ್ಗ ಹಿಡಿಯುತ್ತಾನೆ. "ಪಾಳಿ ನಿಂದ. ಗಿರಕಿಗೆ ಬ್ಯಾರೆ ರೊಕ್ಕ ಕೇಳಬ್ಯಾಡ ಮತ್ತ."

ಆಗ ಮರ್ದಾನಸಾಬ ತಲೆ ಕೆರೆಯುತ್ತ ಮುಂದೆ ಬರುತ್ತಾನೆ. "ಬೈಬ್ಯಾಡ ದುರುಗಾ. ಚೇಷ್ಟಿಗೆ ಬಲಗಡಿ ಟ್ಯೂಬಿನ್ಯಾಗ ಇನ್ನೊಂದು ಟ್ಯೂಬ್ ತುರುಕಿದ್ದೆ. ನೀ ಎರಡ ದಿನಕ್ಕ ಬಿಟ್ಟು ಓಡ್ತಿ ಅಂದ್ಕೊಂಡಿದ್ದೆ. ಓಡಲೇ ಇಲ್ಲ. ಆಮ್ಯಾಲ ತಗಿಯಾಕ ಮನಸಾಗಲಿಲ್ಲ."

ದುರುಗಪ್ಪ ಒಮ್ಮೆ ಅವನನ್ನು, ಒಮ್ಮೆ ತನ್ನ ತೋಳನ್ನು ನೋಡುತ್ತಾನೆ. ಗಾಳೆಮ್ಮ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಾಳೆ. ದಂಡೆಯೇ ನಗುತ್ತದೆ. ಆ ನಗೆಯನ್ನೆಲ್ಲ ಮುಳುಗಿಸುವ ಹಾಗೆ ನಗುವವನು ದುರುಗಪ್ಪ.

"ನಾಳೆ ಎಡಗಡೀನೂ ಒಂದು ತುರುಕು, ಭಾಯಿ," ಎನ್ನುತ್ತಾನೆ ಕಣ್ಣೊರೆಸಿಕೊಂಡು. "ನೆಟ್ಟಗ ಹೋದ್ರ ಸಾಕು ನನಗ." ಮತ್ತೆ ನಗುತ್ತಾನೆ, ಆಚೆ ದಂಡೆಗೂ ಕೇಳುವಷ್ಟು ಜೋರಾಗಿ.