ನವೋಪು ಕೊಟ್ಟ ಉತ್ತರ

ಫುವಾತಿನೊ ಟೀಚರು ದಣಿಯದೆ ಇದ್ದದ್ದನ್ನು ನಾನು ಕಂಡಿಲ್ಲ. ನಮ್ಮ ಸವಾಯಿ ದ್ವೀಪದ ಶಾಲೆಯಲ್ಲಿ ಬೆಳಗ್ಗೆಯಿಂದ ಪಾಠ, ಸಂಜೆ ಚರ್ಚಿನ ಹಾಡಿನ ಅಭ್ಯಾಸ, ನಡುವೆ ನೆಂಟರಲ್ಲಿ ಯಾರಾದರೂ ತೀರಿಕೊಂಡರೆ ಸಾವಿನ ಮನೆಗೆ ಕೊಡುವ ಕಾಣಿಕೆಯ ಚಾಪೆಗಳನ್ನು ಹೊತ್ತುಕೊಂಡು ಊರೂರು ಅಲೆಯುವುದು. ಇಷ್ಟು ಸಾಲದೆಂದು ಐವತ್ತರ ಗಡಿಯಲ್ಲಿ ದೊಡ್ಡ ಡಿಗ್ರಿಗೆ ಬೇರೆ ಸೇರಿಕೊಂಡಳು. ಅವಳ ಪಕ್ಕದ ಮೇಜು ನನ್ನದು. ಹಾಗಾಗಿ ಅವಳ ನಿಟ್ಟುಸಿರೆಲ್ಲ ಮೊದಲು ಬೀಳುವುದು ನನ್ನ ಮೇಲೆಯೇ.

ಅವಳ ಸಂಶೋಧನೆ ನಮ್ಮ ಮಕ್ಕಳ ಕಲಿಯುವ ಆಸೆಯ ಬಗ್ಗೆ. ಅದನ್ನು ಅಳೆಯುವ ಸಾಧನಗಳನ್ನೆಲ್ಲ ನ್ಯೂಜಿಲೆಂಡಿನಲ್ಲಿ ಕೂತ ಮಾರ್ಗದರ್ಶಕಿ ಬ್ರಿಜೆಟ್ ಕಳಿಸುತ್ತಿದ್ದರು. ಮೊದಲು ಪ್ರಶ್ನಾವಳಿ ಬಂತು. ಇಡೀ ತರಗತಿ ಪ್ರತಿ ಸಾಲಿಗೂ 'ಸಂಪೂರ್ಣ ಒಪ್ಪುತ್ತೇನೆ' ಎಂದೇ ಗುರುತು ಹಾಕಿತು. 'ಶಾಲೆಯೆಂದರೆ ಬೇಸರ' ಎಂಬುದಕ್ಕೂ ಒಪ್ಪಿಗೆ. ದೊಡ್ಡವರು ಬರೆದುಕೊಟ್ಟ ಮಾತಿಗೆ ಇಲ್ಲವೆನ್ನುವಂಥ ಉದ್ಧಟರನ್ನು ನಾವು ಬೆಳೆಸಿಲ್ಲ. ಅದನ್ನು ಮೂಲೆಗೆ ಹಾಕಿ, ಸಂದರ್ಶನ ಮಾಡಿ ಎಂದರು ಬ್ರಿಜೆಟ್. ಫುವಾತಿನೊ ಒಂದೊಂದೇ ಮಗುವನ್ನು ಮರದಡಿ ಕೂರಿಸಿಕೊಂಡು ಮಾತಾಡಿಸಿ, ಧ್ವನಿ ಮುದ್ರಿಸಿ ಕಳಿಸಿದಳು.

ಒಂದು ಮಧ್ಯಾಹ್ನ ಅದಕ್ಕೆ ಉತ್ತರ ಬಂತು.

"ಮಕ್ಕಳು ಬಾಯೇ ಬಿಟ್ಟಿಲ್ವಂತೆ ಕಣೆ. ಕಲಿಯೋ ಆಸಕ್ತಿ ಇಲ್ಲ ಅಂತ ಬರೆದು ಪ್ರಬಂಧ ಮುಗಿಸಬಹುದಂತೆ. ಇಲ್ಲಾಂದ್ರೆ ಎಲ್ಲಾ ಮತ್ತೆ ಮಾಡ್ಬೇಕಂತೆ. ಸಂಜೆ ಫೋನ್ ಮಾಡ್ತಾರೆ."

"ಆಸಕ್ತಿ ಇಲ್ವಾ? ನಿನ್ನ ಕ್ಲಾಸಿನ ನವೋಪು ಕತ್ತಲಲ್ಲೇ ಎದ್ದು ಟಾರೋ ಗಡ್ಡೆ ಕಿತ್ತಿಟ್ಟು ನಡ್ಕೊಂಡು ಬರ್ತಾಳಲ್ಲಕ್ಕ."

"ನಂಗೊತ್ತಿಲ್ವಾ? ಆದ್ರೆ ಸಾಕಾಗಿದೆ. ಬರೆದುಬಿಡ್ತೀನಿ, ಮುಗೀಲಿ ಅತ್ಲಾಗೆ."

ನನಗೆ ಸಿಟ್ಟು ಬಂತು. ಒಂದು ಸಲ ಪುಸ್ತಕಕ್ಕೆ ಬಿದ್ದರೆ ಆ ಮಾತೇ ನಮ್ಮ ಮಕ್ಕಳ ಹಣೆಬರಹವಾಗುತ್ತದೆ. ನಾಳೆ ಬರುವ ಅಧಿಕಾರಿಗಳು ಅದನ್ನೇ ಓದಿಕೊಂಡು ಬರುತ್ತಾರೆ. ಆ ಧ್ವನಿ ಹಾಕು, ಕೇಳೋಣ ಎಂದೆ.

ನವೋಪುವಿನ ಸರದಿ ಬಂತು. "ಶಾಲೆಗೆ ಬರೋದು ಇಷ್ಟನಾ ಮಗಳೇ?" ಎಂದು ಫುವಾತಿನೊ ದನಿ. ಆಮೇಲೆ ಎಲ್ಲೋ ಕೋಳಿ ಕೂಗಿದ್ದು. "ಒಳ್ಳೇದು. ಗಣಿತ ಇಷ್ಟನಾ?" ಬರೀ ಗಾಳಿ. "ಹೌದಾ, ಭೇಷ್."

"ಭೇಷ್ ಅಂದ್ಯಲ್ಲಕ್ಕ, ಯಾವುದಕ್ಕೆ?"

"ಅವಳು ಹೂಂ ಅಂದಳಲ್ಲ," ಎನ್ನುತ್ತ ಫುವಾತಿನೊ ಎರಡೂ ಹುಬ್ಬು ಮೇಲೆತ್ತಿ ತೋರಿಸಿದಳು. ಹಾಗೆಯೇ ಕೂತುಬಿಟ್ಟಳು.

ಹೌದೆನ್ನುವುದಕ್ಕೆ ನಮ್ಮಲ್ಲಿ ಯಾರು ಬಾಯಿ ನೋಯಿಸಿಕೊಳ್ಳುತ್ತಾರೆ? ಇಡೀ ತರಗತಿ ಹುಬ್ಬಿನಲ್ಲೇ ಉತ್ತರ ಕೊಟ್ಟಿತ್ತು. ಫುವಾತಿನೊ ಕೂಡ ಕಿವಿಯಲ್ಲಿ ಕೇಳಿದವಳ ಹಾಗೆ ಮುಂದಿನ ಪ್ರಶ್ನೆಗೆ ಹೋಗಿದ್ದಳು. ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಅವಳು ಮೇಜಿನ ಮೇಲೆ ತಲೆಯಿಟ್ಟಳು.

"ಮತ್ತೆ ಮೊದಲಿಂದ. ನನ್ನ ಕೈಲಾಗಲ್ಲ ಕಣೆ."

ಸಂಜೆ ಹೇಳಿದ ಹೊತ್ತಿಗೆ ಬ್ರಿಜೆಟ್ ಫೋನು ಬಂತು. ನನಗೂ ಕೇಳಲೆಂದು ಫುವಾತಿನೊ ಸ್ಪೀಕರಿಗೆ ಹಾಕಿದಳು.

"ನೀವು ತುಂಬಾ ದಣಿದಿದೀರಿ ಅಂತ ಗೊತ್ತು. ಇನ್ನೊಂದು ಸಲ ಮಾಡೋ ಮನಸ್ಸಿದೆಯಾ?"

ಫುವಾತಿನೊ ಕಿಟಕಿಯಾಚೆ ನೋಡಿದಳು. ನವೋಪು ಶಾಲೆಯ ಅಂಗಳ ಗುಡಿಸುತ್ತಿದ್ದಳು. ಅವಳನ್ನು ನೋಡುತ್ತ ನೋಡುತ್ತ ಫುವಾತಿನೊ ಹುಬ್ಬು ಮೆಲ್ಲಗೆ ಮೇಲಕ್ಕೆ ಹೋಯಿತು.

"ಸರಿ, ಅರ್ಥ ಆಯ್ತು," ಎಂದರು ಬ್ರಿಜೆಟ್. "ಇಲ್ಲಿಗೇ ನಿಲ್ಲಿಸೋಣ ಬಿಡಿ."

"ಸ್ವಲ್ಪ ತಡೀರಿ ಮೇಡಂ," ಎಂದು ನಾನು ಬಾಯಿ ಹಾಕಿದೆ. "ಅವಳು ಹೂಂ ಅಂದಿದಾಳೆ, ಹುಬ್ಬಲ್ಲಿ. ಆ ಮಕ್ಕಳೂ ಹಿಂಗೇ ಅಂದಿದ್ದು."

 "ಹಾಗಾದ್ರೆ ಮತ್ತೆ ಮುದ್ರಿಸೋವಾಗ ನೀವು ಪಕ್ಕದಲ್ಲಿ ಕೂತು, ಕಂಡದ್ದನ್ನ ಕಂಡ ಹಾಗೆ ಹೇಳ್ತಾ ಹೋಗ್ತೀರಾ?" ಎಂದರು ಬ್ರಿಜೆಟ್.

"ಹೂಂ," ಎಂದೆ, ಬಾಯಿಬಿಟ್ಟು.

ಮರುದಿನ ನವೋಪುವೂ ಸೇರಿ ಮೂವರು ಮರದಡಿ ಕೂತೆವು. ದಣಿವಿಗೆ ಫುವಾತಿನೊ ದನಿ ಒಡೆದುಹೋಗಿತ್ತು. "ಶಾಲೆಗೆ ಬರೋದು ಇಷ್ಟನಾ ಮಗಳೇ?"

ನವೋಪು ಧ್ವನಿ ಮುದ್ರಿಸುವ ಯಂತ್ರವನ್ನು ನೋಡಿದಳು, ನನ್ನನ್ನು ನೋಡಿದಳು, ತಲೆ ತಗ್ಗಿಸಿದಳು. ಆಮೇಲೆ ಮುಖವೆತ್ತಿದಳು. ನಾನು ಯಂತ್ರದ ಹತ್ತಿರಕ್ಕೆ ಬಾಗಿ ಹೇಳಿದೆ: "ಹುಬ್ಬು ಎತ್ತಿದಳು. ಇನ್ನೂ ಇಳಿಸಿಲ್ಲ."